ಸದ್ದಿನ ಕಣಿವೆಯಲ್ಲಿ ಮಣ್ಣು ತೊಳೆದ ವರ್ಷಗಳು

ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ಹೆಣ್ಣುಮಕ್ಕಳು ಮೊನ್ನೆ ಚಿತ್ರದುರ್ಗದ ನಮ್ಮ ಮನೆಗೆ ಬಂದಿದ್ದರು. ಕೆಟ್ಟುಹೋದ ಮಣ್ಣು, ಕೆಟ್ಟುಹೋದ ನೀರನ್ನು ಸರಿಮಾಡುವ ಕೆಲಸ ಅವರದು. ನಿವೃತ್ತಳಾಗುವವರೆಗೆ ನಾನು ಮಾಡಿದ್ದೂ ಅದನ್ನೇ. "ಮೇಡಂ, ಪುಸ್ತಕದಾಗೆ ಇರೋದು ಬಿಟ್ಟು ಹೇಳ್ರಿ. ಈ ಕೆಲಸ ನಿಜವಾಗ್ಲೂ ಹೆಂಗಿರ್ತೈತೆ?" ಎಂದು ಕೇಳಿದರು. ಚಹಾ ಕುಡಿದು ಮುಗಿಸುವಷ್ಟರಲ್ಲಿ ಹೇಳುವ ಮಾತಲ್ಲ ಅದು. ಅವರು ಹೋದ ಮೇಲೆ ಬರೆಯಲು ಕುಳಿತೆ.

ನಾನು ತುರುವನೂರಿನವಳು. ರಸಾಯನಶಾಸ್ತ್ರ ಓದಿ, ಸೇವೆಯ ಬಹುಪಾಲು ಪ್ರಯೋಗಾಲಯದಲ್ಲೇ ಕಳೆದೆ. ಬಾಟಲಿಯಲ್ಲಿ ಬಂದ ನೀರನ್ನು ಪರೀಕ್ಷಿಸಿ ವರದಿ ಕೊಡುವುದು. ಆ ನೀರು ಯಾವ ಬಾವಿಯದು, ಅದನ್ನು ಯಾರು ಕುಡಿಯುತ್ತಾರೆ ಎಂದು ನೋಡುವ ಪ್ರಸಂಗವೇ ಬರುತ್ತಿರಲಿಲ್ಲ. ಆಮೇಲೆ ಒಂದು ದಿನ ನನ್ನನ್ನು ಹೊಸದುರ್ಗದ ಕಡೆಯ ಒಂದು ಕಣಿವೆಗೆ ಹಾಕಿದರು. ಯಾವಾಗ ಯಾವ ಹುದ್ದೆ ಸಿಕ್ಕಿತು ಎಂಬುದನ್ನೆಲ್ಲ ಬಿಟ್ಟುಬಿಡುತ್ತೇನೆ. ನನ್ನ ಕೆಲಸ ಎಂದರೆ ನನಗೆ ನೆನಪಾಗುವುದು ಆ ಕಣಿವೆಯೇ.

ಅದು ರಾಕೆಟ್ಟಿನ ಎಂಜಿನ್ನುಗಳನ್ನು ಪರೀಕ್ಷೆ ಮಾಡುತ್ತಿದ್ದ ಜಾಗ. ಅಲ್ಲಿಂದ ಯಾವ ರಾಕೆಟ್ಟೂ ಹಾರುತ್ತಿರಲಿಲ್ಲ. ಎಂಜಿನ್ನನ್ನು ಕಾಂಕ್ರೀಟಿನ ಒಂದು ಭಾರಿ ಗೋಪುರಕ್ಕೆ ಬಿಗಿದು, ಹೊತ್ತಿಸಿ, ಎಷ್ಟು ಬಲದಿಂದ ನೂಕುತ್ತದೆ ಎಂದು ಅಳೆಯುತ್ತಿದ್ದರು. ಸುತ್ತಲ ಹಳ್ಳಿಯವರು ಅದಕ್ಕೆ ಇಟ್ಟ ಹೆಸರು ಸದ್ದಿನ ಕಣಿವೆ. ಪರೀಕ್ಷೆಗಳು ಬೇರೆ ಕಡೆಗೆ ಹೋಗಿ ಬಹಳ ವರ್ಷಗಳಾಗಿದ್ದವು. ತಂತಿಬೇಲಿ, ಗೋಪುರ, ಜಾಲಿ ಗಿಡಗಳು, ಮಣ್ಣಿನೊಳಗೆ ಒಂದು ಉಪ್ಪು, ಇಷ್ಟು ಉಳಿದಿತ್ತು.

ಆ ಉಪ್ಪಿನ ಹೆಸರು ಪರ್ಕ್ಲೋರೇಟ್. ರಾಕೆಟ್ಟಿನ ಇಂಧನ ಉರಿಯಲು ಬೇಕಾದ ಆಮ್ಲಜನಕವನ್ನು ಕೊಡುವುದು ಅದೇ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಣ್ಣಿಗೆ ಅಂಟಿಕೊಳ್ಳದೆ ನೀರು ಹೋದಲ್ಲಿಗೆಲ್ಲ ಹೋಗುತ್ತದೆ. ಕುಡಿಯುವ ನೀರಿಗೆ ಸೇರಿದರೆ ಕೊರಳಿನ ಥೈರಾಯ್ಡ್ ಗ್ರಂಥಿಯ ಕೆಲಸಕ್ಕೆ ಅಡ್ಡಬರುತ್ತದೆ. ಬಸುರಿಯರಿಗೂ ಎಳೆಗೂಸುಗಳಿಗೂ ಅದರ ಭಯ ಹೆಚ್ಚು. ಗೋಪುರ ತೊಳೆದ ನೀರು, ಉಳಿದ ಇಂಧನವನ್ನು ಸುಟ್ಟ ಗುಂಡಿಗಳ ಬೂದಿ, ಎಲ್ಲದರಲ್ಲೂ ಅದಿತ್ತು.

ಮೊದಲ ದಿನ ಹೊಳಲ್ಕೆರೆ ದಾಟಿ, ಮಾಡದಕೆರೆ ಕಡೆಯ ರಸ್ತೆ ಬಿಟ್ಟು, ಗುಡ್ಡದ ತಿರುವಿನಲ್ಲಿ ಜೀಪು ನಿಂತಾಗ ಗೋಪುರ ಕಂಡಿತು. ಕಲ್ಲುಗುಡ್ಡಕ್ಕೆ ಬೆನ್ನು ಕೊಟ್ಟು ನಿಂತಿತ್ತು. ದುರ್ಗದ ಕೋಟೆಯನ್ನು ನೋಡಿಕೊಂಡು ಬೆಳೆದವಳಿಗೆ ದೊಡ್ಡ ಕಟ್ಟಡ ಹೊಸದಲ್ಲ. ಆದರೂ ಜೀಪಿನಿಂದ ಇಳಿದು ಕತ್ತೆತ್ತಿಕೊಂಡೇ ನಡೆದೆ. ಗೋಪುರದ ಬುಡದಲ್ಲಿ ಬೆಂಕಿ ಹರಿಯಲೆಂದು ಮಾಡಿದ ಇಳಿಜಾರು ಕಾಲುವೆ. ಅದು ಮುಗಿಯುವಲ್ಲಿ ಗುಡ್ಡದ ಬಂಡೆ. ಹತ್ತಿರ ಹೋಗಿ ಮುಟ್ಟಿದರೆ ಆ ಬಂಡೆಯ ಮೈ ಗಾಜಿನ ಹಾಗಿತ್ತು, ಕಪ್ಪಗೆ, ನುಣ್ಣಗೆ. ಬೆಂಕಿ ಬಡಿದು ಬಡಿದು ಕಲ್ಲು ಕರಗಿ, ಒಂದೆರಡು ಗೇಣು ಇಳಿದು, ಮತ್ತೆ ಗಟ್ಟಿಯಾಗಿತ್ತು. ನಮ್ಮ ಸೀಮೆಯ ಈ ಕಲ್ಲು ಕರಗಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

"ಬಂಡೆ ಎಲ್ಲಿಗೂ ಹೋಗಲ್ಲ ಕಣಮ್ಮ, ಮಣ್ಣು ನೋಡ್ರಿ," ಎಂದರು ನಂಜುಂಡಯ್ಯ.

ನಂಜುಂಡಯ್ಯನವರು ಈ ಕೆಲಸದ ಮುಖ್ಯ ಎಂಜಿನಿಯರು, ಹಿರಿಯೂರಿನವರು. ಗಟ್ಟಿ ದನಿ, ಮುಂಗೋಪ. ಮಾದರಿ ಮಣ್ಣಿನ ಚೀಲಕ್ಕೆ ಚೀಟಿ ಸರಿಯಾಗಿ ಅಂಟಿಸದಿದ್ದರೆ ಚೀಲವನ್ನೇ ಎಸೆದು ಮತ್ತೆ ತರಿಸುತ್ತಿದ್ದರು. ಒಂದು ಬಾಟಲಿಯ ಫಲಿತಾಂಶವನ್ನು ನಂಬಿ ಮಾತಾಡಿದವರನ್ನು ಸಭೆಯಿಂದ ಎಬ್ಬಿಸಿದ್ದೂ ಉಂಟು. ಅವರ ಕೈಯಲ್ಲಿದ್ದ ಆದೇಶ ಸರಳವಾಗಿತ್ತು: ಗೋಪುರ ಕೆಡವಬೇಕು, ಕೆಟ್ಟ ಮಣ್ಣೆಲ್ಲ ಅಗೆದು ತೆಗೆಯಬೇಕು, ಹೊಸ ಮಣ್ಣು ತುಂಬಿ ಬೇಲಿ ಕೀಳಬೇಕು.

ಸಿರಿಯಮ್ಮನನ್ನು ಕಂಡದ್ದು ಆ ಬೇಲಿಯ ಬಳಿಯೇ. ಕಣಿವೆಯ ಕೆಳಗೆ ಕುರಿ ಸಾಕುವವರ ಒಂದು ಹಟ್ಟಿ ಇತ್ತು. ಆಕೆ ಅಲ್ಲಿಯ ಹಿರಿಯಳು, ಎಪ್ಪತ್ತರ ಆಸುಪಾಸು. ಕುರಿಗಳನ್ನು ಬಿಟ್ಟುಕೊಂಡು ಬೇಲಿಯ ಆಚೆ ನಿಂತು ನನ್ನನ್ನು ಕೂಗಿದಳು.

"ತಾಯಿ, ಒಳಗೆ ನಮ್ಮ ಹಿರೀಕರ ಕಲ್ಲು ಅದಾವೆ. ಎರಡು. ನಿಮ್ಮ ಕಣ್ಣಿಗೇನಾರ ಬಿದ್ವಾ?"

"ಎಂಥ ಕಲ್ಲಮ್ಮ?"

"ವೀರಗಲ್ಲು. ಕುರಿ ಹೊಡಕಂಡು ಹೋಗಾಕೆ ಬಂದೋರ ಕೂಡ ಕಾದಾಡಿ ಸತ್ತೋರವು. ನಾನು ಸಣ್ಣಾಕಿ ಇದ್ದಾಗ ಹಾಲು ಎರೀತಿದ್ವಿ. ಬೇಲಿ ಬಂದ ಮ್ಯಾಲೆ ಒಳಗೆ ಬಿಡ್ಲಿಲ್ಲ."

ನಮ್ಮ ನಕ್ಷೆಗಳಲ್ಲಿ ಅಂಥದ್ದೇನೂ ಇರಲಿಲ್ಲ. ಹುಡುಕಿದೆವು, ಸಿಗಲಿಲ್ಲ. ಕಟ್ಟುವಾಗ ಒಡೆದು ತಳಪಾಯಕ್ಕೆ ಹಾಕಿರಬೇಕು ಎಂದು ನಾವು ನಮ್ಮೊಳಗೇ ಅಂದುಕೊಂಡೆವು. ಅವಳಿಗೆ ಮಾತ್ರ "ನೋಡ್ತೀವಮ್ಮ" ಎಂದೆ.

ಅಗೆತ ಶುರುವಾಯಿತು. ಮೊದಲು ಸುಡುತ್ತಿದ್ದ ಗುಂಡಿಗಳ ಮಣ್ಣು. ಅದನ್ನು ಪ್ಲಾಸ್ಟಿಕ್ ಹಾಸಿನ ಮೇಲೆ ಗುಡ್ಡೆ ಹಾಕಿ, ಮೇಲೆ ಟಾರ್ಪಾಲು ಹೊದಿಸಿ, ಲಾರಿ ಬಂದಂತೆಲ್ಲ ಸಾಗಿಸುವುದು. ಆಗ ಎಲ್ಲ ಕಡೆಯೂ ಇದೇ ವಿಧಾನ: ಅಗೆ, ಹೊರು, ಬೇರೆ ಕಡೆ ಹೂಳು. ನಮ್ಮ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಯಾಕೆ ನಿಲ್ಲಿಸಿದ್ದಾರೆ ಎಂಬುದನ್ನು ನಾವು ಯೋಚಿಸಬೇಕಿತ್ತು. ಒಂದು ಮಧ್ಯಾಹ್ನ ಎದ್ದ ಗಾಳಿ ಟಾರ್ಪಾಲುಗಳನ್ನು ಹರಿದು ಜಾಲಿಗಿಡಗಳಿಗೆ ಸಿಕ್ಕಿಸಿತು. ಬೆನ್ನಿಗೇ ಅಕಾಲದ ಮಳೆ. ಕೂಲಿಯವರು, ನಾನು, ನಂಜುಂಡಯ್ಯ, ಎಲ್ಲರೂ ಕೆಸರಲ್ಲಿ ಬಿದ್ದು ಎದ್ದು ಹಾಸು ಎಳೆದೆವು. ಪ್ರಯೋಜನವಾಗಲಿಲ್ಲ. ಗುಡ್ಡೆಗಳು ಕರಗಿ ಹಳ್ಳಕ್ಕೆ ಹರಿದವು.

ಹಳ್ಳದ ದಂಡೆಯಲ್ಲೇ ಹಟ್ಟಿಯ ಬಾವಿ. ಅದುವರೆಗೆ ನಾವು ಪರೀಕ್ಷೆ ಮಾಡಿದಾಗಲೆಲ್ಲ ಅದರ ನೀರು ಕುಡಿಯಲು ಯೋಗ್ಯವಾಗಿಯೇ ಇತ್ತು. ಮಳೆಯಾದ ಮೇಲೆ ಯೋಗ್ಯವಾಗಿರಲಿಲ್ಲ. ಮೂರು ಸಲ ಬೇರೆ ಬೇರೆ ಮಾದರಿ ತೆಗೆದು ನೋಡಿದೆ. ಮೂರೂ ಒಂದೇ ಮಾತು ಹೇಳಿದವು.

ಈ ಕೆಲಸಕ್ಕೆ ಬರುವವರು ಗಮನವಿಟ್ಟು ಕೇಳಬೇಕಾದದ್ದು ಮುಂದಿನದು. ಮೇಲಿನವರಲ್ಲಿ ಕೆಲವರು, ಆ ಉಪ್ಪು ಬಾವಿಗೆ ಹಿಂದಿನಿಂದಲೂ ಇಳಿಯುತ್ತಿದ್ದಿರಬಹುದು ಎಂದು ಹೇಳಿ ಸುಮ್ಮನಾಗೋಣ ಎಂದರು. ನಂಜುಂಡಯ್ಯ ಎದ್ದರು. ನನ್ನ ಕಡೆ ತಿರುಗಿ, "ನಡೀರಿ, ಹಟ್ಟಿಗೆ ಹೋಗಾಣ," ಎಂದರು.

ಬೇವಿನ ಮರದ ಕೆಳಗೆ ಜನ ಸೇರಿದರು. ಕಂಬಳಿ ಹಾಸಿ "ಕುಂತ್ಕಳ್ರಿ" ಎಂದರೂ ನಂಜುಂಡಯ್ಯ ಕೂರಲಿಲ್ಲ. ನಿಂತೇ ಹೇಳಿದರು: "ನಿಮ್ಮ ಬಾವಿ ನೀರು ಇನ್ಮೇಲೆ ಕುಡೀಬ್ಯಾಡ್ರಿ. ಕುರಿಗೂ ಬ್ಯಾಡ. ಆ ರಾಕೆಟ್ಟಿನ ಉಪ್ಪು ಇಳದೈತೆ. ಅದನ್ನ ಅಗೆದು ಎಬ್ಬಿಸಿದೋರು ನಾವು. ಬೇರೆ ಯಾರೂ ಅಲ್ಲ."

ಜನ ಬೈಯುತ್ತಾರೆ, ಕಲ್ಲು ತೂರುತ್ತಾರೆ ಎಂದುಕೊಂಡಿದ್ದೆ. ಸಿರಿಯಮ್ಮ ಮುಂದೆ ಬಂದು ಕೇಳಿದಳು, "ನಮ್ಮ ಸೊಸೆ ಬಸುರಿ ಅದಾಳೆ. ಆಕಿ ನಿನ್ನೆ ಮೊನ್ನೆ ಕುಡದಾಳಲ್ಲ?"

ನಂಜುಂಡಯ್ಯ ನನ್ನ ಮುಖ ನೋಡಿದರು. ನಾನು ಹೇಳಿದೆ: ಕೆಲವು ದಿನ ಕುಡಿದದ್ದರಿಂದ ಕೇಡಾಗುವ ಸಂಭವ ಕಡಿಮೆ, ಆದರೂ ದುರ್ಗದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸೋಣ, ಜೊತೆಗೆ ನಾನೇ ಬರುತ್ತೇನೆ. ಹಾಗೇ ಮಾಡಿದೆ. ಸೊಸೆಗೆ ಏನೂ ಆಗಿರಲಿಲ್ಲ. ಮಗು ಹುಟ್ಟಿದಾಗ ಸಿರಿಯಮ್ಮ ಬೇಲಿಯ ತನಕ ನಡೆದುಬಂದು ಬೆಲ್ಲ ಕೊಟ್ಟು ಹೋದಳು. ಆ ವೇಳೆಗೆ ಹಟ್ಟಿಗೆ ಟ್ಯಾಂಕರಿನಲ್ಲಿ ನೀರು ಬರುತ್ತಿತ್ತು. ಟ್ಯಾಂಕರ್ ತಡವಾದ ದಿನ ಕುರಿಗಳು ಬಾವಿಕಟ್ಟೆಯ ಸುತ್ತ ನಿಂತು ಕೂಗುವುದು ನಮ್ಮ ಶೆಡ್ಡಿಗೆ ಕೇಳಿಸುತ್ತಿತ್ತು. ಇದೇ ರೀತಿ ನಡೆದರೆ ಹಟ್ಟಿ ಎತ್ತಬೇಕಾಗುತ್ತದೆ ಎಂದು ಗಂಡಸರು ಮಾತಾಡಿಕೊಳ್ಳತೊಡಗಿದರು.

ಅಗೆತ ನಿಂತಿತು. ಇನ್ನೂ ಗೋಪುರದ ತಳದ ಮಣ್ಣು ಬಾಕಿ ಇತ್ತು. ಅಲ್ಲಿಯೇ ಉಪ್ಪು ಎಲ್ಲಕ್ಕಿಂತ ಹೆಚ್ಚು. ಅದನ್ನು ಎಬ್ಬಿಸಿದರೆ ಏನಾಗುತ್ತದೆ ಎಂಬುದು ಈಗ ಎಲ್ಲರಿಗೂ ಗೊತ್ತಿತ್ತು.

ಪರ್ಕ್ಲೋರೇಟನ್ನು ಉಸಿರಾಡುವ ಸೂಕ್ಷ್ಮಜೀವಿಗಳಿವೆ ಎಂದು ನಾನು ಓದಿದ್ದೆ. ನಾವು ಆಮ್ಲಜನಕ ಎಳೆದುಕೊಳ್ಳುವಂತೆ, ಗಾಳಿ ಇಲ್ಲದ ಕಡೆ ಅವು ಆ ಉಪ್ಪಿನಿಂದಲೇ ಆಮ್ಲಜನಕ ತೆಗೆದುಕೊಂಡು ಬದುಕುತ್ತವೆ. ಅವನ್ನು ಹೊರಗಿನಿಂದ ತರುವುದೂ ಬೇಡ, ಬಹಳ ಕಡೆ ಮಣ್ಣಿನಲ್ಲೇ ಇರುತ್ತವೆ. ಹೊಟ್ಟೆಗೆ ಏನಾದರೂ ಸಿಹಿ ಕೊಟ್ಟು, ಗಾಳಿ ತಪ್ಪಿಸಬೇಕು, ಅಷ್ಟೆ. ನಂಜುಂಡಯ್ಯನವರಿಗೆ ಹೇಳಿದೆ.

"ಬೆಲ್ಲ ತಿನ್ನೋ ಹುಳ ನಂಬ್ಕಂಡು ನಾನು ಸರ್ಕಾರಕ್ಕೆ ಏನಂತ ಬರೀಲಮ್ಮ?"

"ಬರೀಬ್ಯಾಡ್ರಿ ಸರ್. ಮೊದ್ಲು ಒಂದು ಜಾಡಿಲಿ ನೋಡಾಣ."

ಕಣಿವೆಯ ಮಣ್ಣು, ಕಣಿವೆಯ ನೀರು, ಒಂದಿಷ್ಟು ಕಾಕಂಬಿ, ಅಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ. ಗಾಜಿನ ಜಾಡಿಗೆ ತುಂಬಿ ಬಾಯಿ ಮುಚ್ಚಿದೆ. ಪಕ್ಕದಲ್ಲಿ ಕಾಕಂಬಿ ಹಾಕದ ಇನ್ನೊಂದು ಜಾಡಿ. ಕೆಲವು ವಾರ ಕಳೆದು ಪರೀಕ್ಷಿಸಿದಾಗ ಎರಡನೆಯದರಲ್ಲಿ ಉಪ್ಪು ಇದ್ದಷ್ಟೇ ಇತ್ತು. ಮೊದಲನೆಯದರಲ್ಲಿ ನಮ್ಮ ಯಂತ್ರಕ್ಕೆ ಸಿಗುವಷ್ಟೂ ಇರಲಿಲ್ಲ. ಯಂತ್ರ ಕೆಟ್ಟಿರಬೇಕೆಂದು ಮಾದರಿಯನ್ನು ಬೇರೆ ಪ್ರಯೋಗಾಲಯಕ್ಕೆ ಕಳಿಸಿದೆ. ಅವರೂ ಅದನ್ನೇ ಹೇಳಿದರು. ಆ ಜಾಡಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಕಾಣುವಂಥದ್ದೇನೂ ಇಲ್ಲ, ಕಪ್ಪು ಕೆಸರು. ಕಲ್ಲನ್ನು ಕರಗಿಸಿದ ಬೆಂಕಿಗೆ ಉಸಿರು ಕೊಟ್ಟಿದ್ದ ಉಪ್ಪನ್ನು ಆ ಕೆಸರಿನಲ್ಲಿ ಕಣ್ಣಿಗೆ ಕಾಣದ ಜೀವಗಳು ಸದ್ದಿಲ್ಲದೆ ತಿಂದು ಮುಗಿಸಿದ್ದವು. ನನ್ನ ಸೇವೆಯಲ್ಲಿ ಅಂಥ ಇನ್ನೊಂದು ದಿನ ಇಲ್ಲ.

ನಂಜುಂಡಯ್ಯ ಎರಡೂ ಜಾಡಿಗಳನ್ನು ಮೇಜಿನ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದರು. ಆಮೇಲೆ ಬರೆದರು. ಮೇಲಿನಿಂದ ಬಂದ ಪ್ರಶ್ನೆಗಳಿಗೆಲ್ಲ ಉತ್ತರಿಸಿದರು. ಕೆಟ್ಟರೆ ಹೊಣೆ ತನ್ನದೆಂದು ಸಹಿ ಹಾಕಿದರು. ಒಪ್ಪಿಗೆ ಬಂತು.

ಗೋಪುರದ ಸುತ್ತ ಸಣ್ಣ ಕೊಳವೆಗಳನ್ನು ಇಳಿಸಿ, ಕಾಕಂಬಿಯನ್ನು ನೀರಿನಲ್ಲಿ ಕಲಸಿ ತಳಕ್ಕೆ ಬಿಟ್ಟೆವು. ಅಗೆದಿಟ್ಟಿದ್ದರಲ್ಲಿ ಮಳೆಗೆ ಹೋಗದೆ ಉಳಿದ ಮಣ್ಣಿಗೆ ಹಟ್ಟಿಯವರಿಂದ ಕೊಂಡ ಕುರಿಗೊಬ್ಬರ ಬೆರೆಸಿ, ಒದ್ದೆ ಮಾಡಿ, ಈ ಸಲ ಕಲ್ಲು ಹೇರಿ ಭದ್ರವಾಗಿ ಮುಚ್ಚಿದೆವು. ಕಣಿವೆಯ ಬಾಯಿಗೆ ಅಡ್ಡಲಾಗಿ ಆಳದ ಕಾಲುವೆ ತೋಡಿ, ಮರದ ಹೊಟ್ಟು ಮತ್ತು ಗೊಬ್ಬರ ತುಂಬಿದೆವು. ಬಾವಿಯ ಕಡೆ ಹೋಗುವ ನೀರು ಅದರೊಳಗೆ ಹಾದು, ಅಲ್ಲಿನ ಜೀವಗಳಿಗೆ ಉಪ್ಪನ್ನು ಒಪ್ಪಿಸಿ ಮುಂದೆ ಹೋಗಬೇಕು.

ಹಿರಿಯೂರಿನಿಂದ ಬರುತ್ತಿದ್ದ ಕಾಕಂಬಿಯ ಡ್ರಮ್ಮುಗಳಿಗೆ ನಾವು ಎಣಿಸದ ಗಿರಾಕಿಯೂ ಇತ್ತು. ಒಂದು ಬೆಳಿಗ್ಗೆ ಹೊರಗೆ ಹೋಗಲೆಂದು ಶೆಡ್ಡಿನ ಬಾಗಿಲು ತೆಗೆದರೆ ಅಂಗಳದಲ್ಲಿ ಎದುರಿಗೇ ಕರಡಿ. ಡ್ರಮ್ಮಿನ ಮುಚ್ಚಳ ಕಿತ್ತು, ಭುಜದವರೆಗೂ ಕೈ ಅದ್ದಿ ನೆಕ್ಕುತ್ತಿತ್ತು. ನನ್ನ ಹಿಂದೆ ನಂಜುಂಡಯ್ಯ. ಜೀವಮಾನದಲ್ಲಿ ಅವರು ಪಿಸುಗುಟ್ಟಿದ್ದು ಅದೊಂದೇ ಸಲ ಇರಬೇಕು: "ಶಿವಲೀಲಾ, ಬಾಗಿಲು ಹಾಕಮ್ಮ." ಹಾಕಿದೆ. ಕಿಟಕಿಯಿಂದ ನೋಡುತ್ತ ನಿಂತೆವು. ಅದು ತೃಪ್ತಿಯಾಗುವವರೆಗೂ ನೆಕ್ಕಿ, ಮೂತಿಯನ್ನು ಮಣ್ಣಿಗೆ ಉಜ್ಜಿ, ಬೆಂಕಿಯ ಕಾಲುವೆಯಲ್ಲಿ ನಿಧಾನವಾಗಿ ಇಳಿದು, ಗಾಜಾದ ಬಂಡೆಯ ಪಕ್ಕದಿಂದ ಗುಡ್ಡ ಹತ್ತಿತು. ಅಂದಿನಿಂದ ಡ್ರಮ್ಮುಗಳಿಗೆ ಕಬ್ಬಿಣದ ಪಟ್ಟಿಗಳು ಬಂದವು.

ವಾಸುದೇವರಾಯರು ಬಂದದ್ದು ಕೆಲಸ ಅರ್ಧ ದಾರಿಗೆ ಬಂದಾಗ. ಆ ಗೋಪುರ ಕಟ್ಟಿಸಿದ ತಂಡದಲ್ಲಿ ಅವರು ಎಳೆಯ ಎಂಜಿನಿಯರು. ಈಗ ಎಂಬತ್ತು ದಾಟಿತ್ತು, ಮೈಸೂರಿನಲ್ಲಿದ್ದರು. ಹಳೆಯ ಚರಂಡಿಗಳು ಎಲ್ಲೆಲ್ಲಿ ಹೋಗುತ್ತವೆ ಎಂದು ತೋರಿಸಲು ನಾವೇ ಕರೆಸಿದ್ದು. ಬೆಳ್ಳಗಿನ ಅಂಗಿ, ಕೈಯಲ್ಲಿ ಕೋಲು. ಗೋಪುರದ ಬುಡಕ್ಕೆ ಬಂದು ಕತ್ತೆತ್ತಿ ನಿಂತರು.

"ಹೊತ್ತಿಸಿದಾಗ ಹೇಗಿರುತ್ತಿತ್ತು ಸರ್?" ಎಂದು ಕೇಳಿದೆ.

"ಕಿವಿಗೆ ಕೇಳಿಸುತ್ತಿರಲಿಲ್ಲಮ್ಮ, ಎದೆಗೆ ಕೇಳಿಸುತ್ತಿತ್ತು. ನಾವು ಮಣ್ಣಿನ ದಿಬ್ಬದ ಹಿಂದಿನ ಕೋಣೆಯಲ್ಲಿ ಇರುತ್ತಿದ್ದೆವು. ಮೊದಲ ಸಲ ಆದಾಗ ನಾನು ಹೊರಗೆ ಬಂದು ಅತ್ತುಬಿಟ್ಟೆ. ಯಾಕೆ ಅಂತ ಇವತ್ತಿಗೂ ಹೇಳಕ್ಕೆ ಬರಲ್ಲ."

ಚರಂಡಿಗಳನ್ನೆಲ್ಲ ತೋರಿಸಿದರು. ಹೊರಡುವ ಮುಂಚೆ, ಸಿರಿಯಮ್ಮನ ಮಾತು ನೆನಪಾಗಿ, ಇಲ್ಲಿ ಎರಡು ವೀರಗಲ್ಲು ಇದ್ದವಂತೆ, ಗೊತ್ತಾ ಎಂದು ಕೇಳಿದೆ. ಅವರು ನಿಂತಲ್ಲೇ ನಿಂತರು.

"ಇದ್ದವು ಅಲ್ಲಮ್ಮ. ಇವೆ."

ಕೋಲಿನಿಂದ ಮಣ್ಣಿನ ದಿಬ್ಬ ತೋರಿಸಿದರು. ಸ್ಫೋಟವಾದರೆ ಕೋಣೆಯನ್ನು ಕಾಯಲೆಂದು ಹಾಕಿದ್ದ ಉದ್ದನೆಯ ದಿಬ್ಬ ಅದು. ಅದಕ್ಕೆ ಮಣ್ಣು ಹೊರಲು ಹಟ್ಟಿಯ ಗಂಡಸರೇ ಕೂಲಿಗೆ ಬಂದಿದ್ದರಂತೆ. ಕಲ್ಲುಗಳು ದಿಬ್ಬದ ದಾರಿಯಲ್ಲೇ ಇದ್ದವು. ಒಡೆಯಲು ಹೇಳಿದಾಗ ಕೂಲಿಯವರು ಬುಟ್ಟಿ ಕೆಳಗಿಟ್ಟು ಕೂತುಬಿಟ್ಟರು. "ಕೀಳಲೂ ಒಪ್ಪಲಿಲ್ಲ. ಅವರ ಮುಖಂಡ ಒಬ್ಬ ಇದ್ದ, ಎತ್ತರದ ಆಸಾಮಿ, ಕರಿಯಣ್ಣ ಅಂತ. ಕಂಬಳಿ ಸುತ್ತಿ, ಮರಳು ತುಂಬಿ, ನಿಂತ ಹಾಗೆಯೇ ಮುಚ್ಚುತ್ತೀವಿ ಸ್ವಾಮಿ ಅಂದ. ನಾನು ಹೂಂ ಅಂದೆ. ಮೇಲಿನವರಿಗೆ ಹೇಳಲಿಲ್ಲ."

ರಾಯರು ಹೊರಡುವುದನ್ನು ಮುಂದೂಡಿದರು. ಪುರಾತತ್ವದವರು ಬಂದರು. ಮಾರನೆಯ ವಾರ ದಿಬ್ಬವನ್ನು ಕೈಯಿಂದಲೇ ಬಿಡಿಸಿದರು, ಯಂತ್ರ ಮುಟ್ಟಿಸಲಿಲ್ಲ. ಮಣ್ಣು ಮುಗಿದು ಮರಳು ಬಂತು. ಮರಳಿನಲ್ಲಿ ಕಂಬಳಿಯ ಕೊಳೆತ ಎಳೆಗಳು. ಆಮೇಲೆ ಕಲ್ಲು. ಕೆಳಗಿನ ಸಾಲಿನಲ್ಲಿ ಬಿಲ್ಲು ಹಿಡಿದವನು, ಅವನ ಹಿಂದೆ ಒತ್ತೊತ್ತಾಗಿ ಕುರಿಗಳು. ನಡುವೆ ಅವನನ್ನು ಎತ್ತಿಕೊಂಡು ಹೋಗುವ ದೇವಕನ್ಯೆಯರು. ಮೇಲೆ ಲಿಂಗ, ಎರಡು ಬದಿಗೆ ಸೂರ್ಯ ಚಂದ್ರ. ಕುರಿಗಳ ಕಿವಿಯ ಗೆರೆಯೂ ಅಳಿಸಿರಲಿಲ್ಲ. ಕಲ್ಲು ಕರಗುವಂಥ ಬೆಂಕಿ ಕೂಗಳತೆಯಲ್ಲಿ ಉರಿದಿತ್ತು. ಅದನ್ನು ತಡೆಯಲು ಎತ್ತಿದ ಮಣ್ಣಿನ ಹೊಟ್ಟೆಯಲ್ಲಿ ಇವು ತಣ್ಣಗೆ ನಿಂತಿದ್ದವು.

ಸಿರಿಯಮ್ಮನನ್ನು ಕರೆಸಿದೆವು. ಬೇಲಿಯ ಒಳಗೆ ಕಾಲಿಡುವಾಗ ಆಕೆ ಚಪ್ಪಲಿ ಬಿಟ್ಟಳು. ಕಲ್ಲಿನ ಮುಂದೆ ಕೂತು ಕುರಿಗಳ ಮೇಲೆ ಬೆರಳಾಡಿಸಿದಳು. ಕಲ್ಲು ಉಳಿದ ಕಥೆಯನ್ನು ರಾಯರೇ ಹೇಳಿದರು. ಕರಿಯಣ್ಣ ಎಂಬ ಹೆಸರು ಬಂದಾಗ ಆಕೆ ತಲೆ ಎತ್ತಿದಳು.

"ಅದು ನಮ್ಮಪ್ಪ," ಎಂದಳು. "ಮನೇಲಿ ಬಾಯಿ ಬಿಡ್ಲಿಲ್ಲ ನೋಡ್ರಿ. ಕಲ್ಲು ಹೋದ್ವು ಅಂತ ನಮ್ಮವ್ವ ಅಳೋಳು. ಸುಮ್ಕಿರು, ಎಲ್ಲಿಗೂ ಹೋಗಿಲ್ಲ ಅನ್ನೋನು. ಸಮಾಧಾನಕ್ಕೆ ಅಂತಾನೆ ಅಂದ್ಕಂಡಿದ್ವಿ."

ರಾಯರು ಕೋಲು ಊರಿಕೊಂಡು ಆಕೆಯ ಪಕ್ಕದಲ್ಲಿ ನೆಲದ ಮೇಲೆಯೇ ಕೂತರು. ಏಳಿಸಲು ಇಬ್ಬರು ಬೇಕಾಯಿತು.

ಗೋಪುರದ ಮಾತು ಇತ್ಯರ್ಥವಾದದ್ದು ಅದೇ ಸಂಜೆ. ತಳದ ಮಣ್ಣು ಶುದ್ಧವಾಗುತ್ತಿದ್ದುದರಿಂದ ಕೆಡವಲೇಬೇಕೆಂಬ ಒತ್ತಾಯ ಇರಲಿಲ್ಲ. ಆದರೆ ಉಳಿಸಬೇಕೆಂದೂ ಯಾರೂ ಹೇಳಿರಲಿಲ್ಲ. ನಂಜುಂಡಯ್ಯ ರಾಯರನ್ನು ಕೇಳಿದರು. ಅವರು ಉಳಿಸಿ ಎನ್ನುತ್ತಾರೆಂದು ನಾವೆಲ್ಲ ಭಾವಿಸಿದ್ದೆವು.

"ಕೆಡವಿಬಿಡಿ," ಎಂದರು ರಾಯರು. "ನಮ್ಮ ಕೆಲಸ ಮುಗಿಯಿತು. ಈ ಜನರ ಬಾವಿ ಕೆಡಿಸಿದ್ದಕ್ಕೆ ಗುರುತಾಗಿ ಇದು ಯಾಕೆ ನಿಲ್ಲಬೇಕು?"

ಸಿರಿಯಮ್ಮ ಕೇಳಿಸಿಕೊಂಡಳು. "ಯಾಕ್ರಿ ಕೆಡವೋದು? ಇದಕ್ಕೂ ನಮ್ಮಪ್ಪನೇ ಜಲ್ಲಿ ಹೊತ್ತಿರೋದು. ನೀವು ಕಟ್ಟಿದ್ರಿ, ಅವನು ಹೊತ್ತ. ಮೇಲೆ ಹೋತಂತಲ್ಲ ನಿಮ್ಮ ರಾಕೆಟ್ಟು, ಅದರಾಗೆ ನಮ್ಮಪ್ಪಂದೂ ಒಂದು ಬುಟ್ಟಿ ಐತೆ. ಇರ್ಲಿ ಬಿಡ್ರಿ. ನೀರು ಮಾತ್ರ ಸರಿ ಮಾಡ್ಕೊಡ್ರಿ."

ನಂಜುಂಡಯ್ಯ ಆಕೆಯ ಮಾತನ್ನು ಒಂದಕ್ಷರ ಬದಲಿಸದೆ ವರದಿಯಲ್ಲಿ ಸೇರಿಸಿದರು. ಅಂಥ ಭಾಷೆ ಸರ್ಕಾರಿ ವರದಿಯಲ್ಲಿ ನಡೆಯುವುದಿಲ್ಲವೆಂದು ಒಮ್ಮೆ ವಾಪಸು ಬಂತು. ಹಾಗೇ ಮತ್ತೆ ಕಳಿಸಿದರು. ಗೋಪುರ ಉಳಿಯಿತು, ಬಂಡೆ ಉಳಿಯಿತು, ಕಲ್ಲುಗಳು ಇದ್ದಲ್ಲೇ ಉಳಿದವು. ಬೇಲಿಗೆ ಹಟ್ಟಿಯ ಕಡೆಯಿಂದ ಬಾಗಿಲಾಯಿತು.

ಬಾವಿ ಮಾತ್ರ ಬೇಗ ಬಗ್ಗಲಿಲ್ಲ. ತಿಂಗಳು ತಿಂಗಳೂ ನೀರು ತಂದು ನೋಡುತ್ತಿದ್ದೆ. ಉಪ್ಪು ಇಳಿಯುವುದು, ಮಳೆ ಬಂದರೆ ಮತ್ತೆ ಸ್ವಲ್ಪ ಏರುವುದು. ಈ ಕೆಲಸದಲ್ಲಿ ಬಹುಪಾಲು ಇದೇ: ಬಾಟಲಿ ತುಂಬುವುದು, ಕಾಯುವುದು, ಹಟ್ಟಿಗೆ ಹೋಗಿ "ಇನ್ನೂ ಇಲ್ಲ" ಎನ್ನುವುದು. ನಡುವೆ ನಂಜುಂಡಯ್ಯ ನಿವೃತ್ತರಾದರು. ಹೋಗುವಾಗ, "ನೀರು ಸರಿಯಾದ ದಿನ ಫೋನ್ ಮಾಡ್ರಿ" ಎಂದಷ್ಟೇ ಹೇಳಿದರು.

ಒಂದು ಮಳೆಗಾಲ ಪೂರ್ತಿ ಕಳೆದರೂ ಉಪ್ಪು ಏರಲಿಲ್ಲ. ಆಮೇಲಿನ ಬೇಸಿಗೆಯಲ್ಲೂ ಏರಲಿಲ್ಲ. ಮತ್ತೊಂದು ಮಳೆಗಾಲ ಕಾದೆ. ಬೇರೆ ಕಡೆಯ ಪ್ರಯೋಗಾಲಯವೂ ಒಪ್ಪಿದ ಮೇಲೆ ಫೋನ್ ಮಾಡಿದೆ. ಹಿರಿಯೂರಿನಿಂದ ಬಸ್ಸಿನಲ್ಲಿ ಬಂದರು, ತುಸು ಸೊರಗಿದ್ದರು.

ಬಾವಿಕಟ್ಟೆಯ ಸುತ್ತ ಹಟ್ಟಿಯೆಲ್ಲ ಸೇರಿತ್ತು. ಕುಡಿಯಬಹುದು ಎಂದು ನಾನು ಹೇಳಿದೆ. ಯಾರೂ ಮುಂದೆ ಬರಲಿಲ್ಲ. ಅಷ್ಟು ವರ್ಷ ಬೇಡವೆಂದಿದ್ದ ನೀರು. ನನ್ನ ಒಂದು ಮಾತಿಗೆ ಹೇಗೆ ಕುಡಿದಾರು? ಸಿರಿಯಮ್ಮ ತಾನೇ ಹಗ್ಗ ಬಿಟ್ಟು ಒಂದು ಕೊಡ ಸೇದಿದಳು. ಚೊಂಬಿನಲ್ಲಿ ತುಂಬಿಕೊಂಡು ನೇರ ನಂಜುಂಡಯ್ಯನವರ ಮುಂದೆ ಬಂದು ನಿಂತಳು.

"ಕುಡೀಬ್ಯಾಡ್ರಿ ಅಂದೋರು ನೀವು. ಮೊದ್ಲು ನೀವೇ ಕುಡೀರಿ."

ಅವರು ಎರಡೂ ಕೈಯಲ್ಲಿ ಚೊಂಬು ತೆಗೆದುಕೊಂಡರು. ತುಟಿಗೆ ಹಚ್ಚಿ, ಕಣ್ಣು ಮುಚ್ಚಿ, ನಿಲ್ಲಿಸದೆ ಅಷ್ಟನ್ನೂ ಕುಡಿದರು. ನೀರು ಗದ್ದದಿಂದ ಇಳಿದು ಅಂಗಿ ಒದ್ದೆಯಾಯಿತು.

"ಹೆಂಗೈತ್ರಿ?" ಎಂದಳು ಸಿರಿಯಮ್ಮ.

ನಂಜುಂಡಯ್ಯ ಚೊಂಬನ್ನು ವಾಪಸು ಕೊಟ್ಟರು.

"ನೀರಿನ ಹಂಗೇ ಐತಮ್ಮ," ಎಂದರು.

ಹೆಂಗಸರು ಕೊಡ ಹಿಡಿದು ಮುಂದೆ ಬಂದರು.